ಗೇಟಿನ ಹೊರಗೊಂದು ನೀರಿನ ಮಡಕೆ

ಕಳೆದ ವರ್ಷ ಮೇ ತಿಂಗಳ ಒಂದು ಮಧ್ಯಾಹ್ನ. ಕೋಲ್ಕತ್ತದ ನ್ಯೂಟೌನ್‌ನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಊಟ ತಲುಪಿಸಲು ಬಂದ ಹುಡುಗನೊಬ್ಬ ಕಾವಲುಗಾರನನ್ನು ನೀರು ಕೇಳಿದ. ಹತ್ತು ಹೆಜ್ಜೆ ದೂರದ ಲಾಬಿಯಲ್ಲಿ ಕೂಲರ್ ಗುಂಯ್‌ಗುಡುತ್ತಿತ್ತು. ಅದರ ಮೇಲೆ ‘ನಿವಾಸಿಗಳು ಮತ್ತು ಅವರ ಅತಿಥಿಗಳಿಗೆ ಮಾತ್ರ’ ಎಂಬ ಚೀಟಿ. ಕಾವಲುಗಾರ ತನ್ನದೇ ಪ್ಲಾಸ್ಟಿಕ್ ಬಾಟಲಿ ಕೊಟ್ಟ. ಬಿಸಿಲಿಗೆ ಆ ನೀರು ಚಹಾ ಕಾಯಿಸಿದಂತಿತ್ತು. ಹುಡುಗ ಕುಡಿದು, ತಲೆಗೊಂದಿಷ್ಟು ಹನಿಸಿಕೊಂಡು ಬೈಕ್ ಏರಿ ಹೋದ. ನಾನು ಕಚೇರಿಯ ಕ್ಯಾಬಿಗೆ ಕಾಯುತ್ತ ಇದನ್ನೆಲ್ಲ ನೋಡುತ್ತ ನಿಂತಿದ್ದೆ, ಅಷ್ಟೆ.

ಆ ದಿನವಿಡೀ ನೆನಪಾದದ್ದು ಊರ ಮನೆಯ ಹರವಿ.

ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಹಳ್ಳಿ. ಪಡಸಾಲೆಯ ಮೂಲೆಯಲ್ಲಿ ಒದ್ದೆ ಮರಳಿನ ಗುಡ್ಡೆ, ಅದರ ಮೇಲೆ ದೊಡ್ಡ ಹೊಟ್ಟೆಯ ಹರವಿ, ಸುತ್ತ ಹಸಿ ಬಟ್ಟೆ. ಅಜ್ಜಿ ಆ ಮರಳಿಗೆ ನಾಲ್ಕು ಕೊತ್ತಂಬರಿ ಬೀಜ ಉದುರಿಸುತ್ತಿದ್ದಳು. ಹರವಿಯಿಂದ ಒಸರಿದ ನೀರಿಗೇ ಅವು ಮೊಳೆಯುತ್ತಿದ್ದವು. ಬೆಳಗಿನ ಜಾವ ಬಾವಿಯಿಂದ ಸೇದಿ ತುಂಬಿದ ನೀರು ನಡು ಮಧ್ಯಾಹ್ನ ಹಲ್ಲು ಜುಂ ಎನ್ನುವಷ್ಟು ತಣ್ಣಗಿರುತ್ತಿತ್ತು. ಹೊಸ ಹರವಿ ತಂದರೆ ಒಂದು ಹಗಲು ಒಂದು ರಾತ್ರಿ ನೆನೆಸಿಡಬೇಕು, ಮೊದಲ ನೀರು ಗಿಡಕ್ಕೆ. ಹೊಲಕ್ಕೆ ಹೋಗುವ ಅಪ್ಪನ ಹೆಗಲಿಗೆ ಮಣ್ಣಿನ ತತ್ರಾಣಿ. ಅದನ್ನು ಬೇವಿನ ಟೊಂಗೆಗೆ ತೂಗುಹಾಕಿದರೆ ಬಿಸಿಗಾಳಿ ಬೀಸಿದಷ್ಟೂ ನೀರು ತಣ್ಣಗೆ. ಲಾರಿಗಳ ಮುಂಭಾಗದಲ್ಲಿ ಕ್ಯಾನ್ವಾಸ್ ನೀರಿನ ಚೀಲ ಜೋತಾಡುತ್ತಿದ್ದುದೂ ಇದೇ ಲೆಕ್ಕದಲ್ಲಿ. ದೂರದ ಪ್ರಯಾಣಕ್ಕೆ ಹೊರಟವರ ಕೈಯಲ್ಲಿ ತಿರುಗುಮುಚ್ಚಳದ ಹಿತ್ತಾಳೆ ಕೂಜಾ. ಕೆಲವರ ಮನೆಯಲ್ಲಿ ನೀರಿಗೆ ಒಂದು ಹಿಡಿ ಲಾವಂಚದ ಬೇರು.

2015ರಲ್ಲಿ ಕೆಲಸದ ಮೇಲೆ ಕೋಲ್ಕತ್ತಕ್ಕೆ ಬಂದಾಗ ಬೇಸಿಗೆಯ ಬೀದಿಬದಿಯಲ್ಲಿ ಉದ್ದ ಕತ್ತಿನ ಮಣ್ಣಿನ ಹೂಜಿಗಳು ಸಾಲಾಗಿ ಕುಳಿತಿದ್ದನ್ನು ಕಂಡು ತವರಿನವರು ಸಿಕ್ಕಷ್ಟು ಖುಷಿಯಾಯಿತು. ಬಂಗಾಳಿಗಳು ಇದನ್ನು ‘ಕುಂಜೋ’ ಎನ್ನುತ್ತಾರೆ. ನಮ್ಮ ‘ಕೂಜಾ’, ಅವರ ‘ಕುಂಜೋ’ ಎರಡೂ ಪರ್ಷಿಯನ್ ಭಾಷೆಯ ಒಂದೇ ಮಾತಿನಿಂದ ಬಂದ ಅಣ್ಣತಮ್ಮಂದಿರು. ಅವರ ‘ಕೋಲ್ಶಿ’ಯಂತೂ ನಮ್ಮ ಕಳಸವೇ. ಒಂದು ಕುಂಜೋ ತಂದೆ, ನೆನೆಸಿದೆ, ಒದ್ದೆ ಮರಳಿನ ಮೇಲೆ ಕೂರಿಸಿದೆ. ಊರಿನ ಹಾಗೆಯೇ ಎಲ್ಲ ಮಾಡಿದೆ. ಆದರೆ ನೀರು ಊರಿನ ಹಾಗೆ ತಣ್ಣಗಾಗಲಿಲ್ಲ. ಮಡಕೆಯವನು ಮೋಸ ಮಾಡಿದ ಎಂದುಕೊಂಡು ಇನ್ನೊಂದು ತಂದೆ. ಅದೂ ಹಾಗೆಯೇ.

ತಪ್ಪು ಮಡಕೆಯದಲ್ಲ, ಗಾಳಿಯದು. ಮಣ್ಣಿನ ಕಣ್ಣಿಗೆ ಕಾಣದ ರಂಧ್ರಗಳಿಂದ ನೀರು ಹೊರಮೈಗೆ ಒಸರಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು. ಅದರಲ್ಲಿ ಬಹುಪಾಲನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಹೊರಗಿನ ಕಾವು ಒಳಗೆ ನುಗ್ಗದಿದ್ದರೆ, ಐವತ್ತು ಪಾಲಿನಲ್ಲಿ ಒಂದು ಪಾಲು ನೀರು ಆವಿಯಾದರೂ ಉಳಿದ ನೀರಿನ ಉಷ್ಣತೆ 10 ಡಿಗ್ರಿಗೂ ಹೆಚ್ಚು ಇಳಿಯಬೇಕು. ಆದರೆ ಆ ಆವಿಯನ್ನು ಹೀರಿಕೊಳ್ಳುವ ಒಣ ಗಾಳಿ ಬೇಕಲ್ಲ? ವಿಜಯಪುರದ ಗಾಳಿ ಬಾಯಾರಿದ ಗಾಳಿ. ಕೋಲ್ಕತ್ತದ್ದು ಸಮುದ್ರದ ಕಡೆಯಿಂದ ನೀರು ಕುಡಿದೇ ಬರುವ ಗಾಳಿ. ಹಾಗಾಗಿಯೇ ಕಲಬುರಗಿಯಲ್ಲಿ ತಂಪೆರೆಯುವ ಏರ್ ಕೂಲರ್ ಇಲ್ಲಿಯೂ ಮಂಗಳೂರಿನಲ್ಲಿಯೂ ಸೆಕೆಯನ್ನೇ ಹೆಚ್ಚಿಸುತ್ತದೆ.

ನನ್ನ ಕುಂಜೋ ತನ್ನ ಕಸುಬು ತೋರಿಸಿದ್ದು 2024ರ ಏಪ್ರಿಲ್‌ನಲ್ಲಿ. ಪಶ್ಚಿಮದ ಒಣ ಗಾಳಿ ನುಗ್ಗಿ, ತಿಂಗಳ ಕೊನೆಯ ದಿನ ಕೋಲ್ಕತ್ತದ ಉಷ್ಣಾಂಶ 43 ಡಿಗ್ರಿ ಮುಟ್ಟಿತು. ನಗರ ದಶಕಗಳಿಂದ ಕಾಣದ ಬಿಸಿ. ಆ ವಾರ ನನ್ನ ಮಡಕೆಯ ನೀರು ಇಂಡಿಯ ನೀರಿನಂತೆಯೇ ಇತ್ತು. ಖುಷಿಪಡಬೇಕೋ ಹೆದರಬೇಕೋ ತಿಳಿಯಲಿಲ್ಲ.

ತಣ್ಣೀರು ಯಾರ ಪಾಲಿಗೆ ಎಂಬ ಪ್ರಶ್ನೆ ಈ ನಗರಕ್ಕೆ ಹೊಸದಲ್ಲ. 1833ರಲ್ಲಿ ಅಮೆರಿಕದ ಬೋಸ್ಟನ್ನಿನಿಂದ ‘ಟಸ್ಕನಿ’ ಎಂಬ ಹಡಗು ಕೆರೆಗಳಿಂದ ಕೊಯ್ದ ಮಂಜುಗಡ್ಡೆ ಹೊತ್ತು ಇಲ್ಲಿಗೆ ಬಂತು. ಹೊರಟಾಗ 180 ಟನ್, ನಾಲ್ಕು ತಿಂಗಳು ತೇಲಿ ಬಂದು ತಲುಪಿದಾಗ ಸುಮಾರು 100 ಟನ್. ಅದು ಸಾಹೇಬರ ಮತ್ತು ಶ್ರೀಮಂತರ ಲೋಟಗಳಿಗೆ ಬಿತ್ತು. ಉಳಿದವರಿಗೆ ಮಣ್ಣಿನ ಕೋಲ್ಶಿ ಮತ್ತು ಆಡಿನ ಚರ್ಮದ ಮಶಕ ಹೊತ್ತು ಬರುವ ಭಿಸ್ತಿ. ಬೋ ಬ್ಯಾರಕ್ಸ್ ಸುತ್ತಮುತ್ತ ಬೆರಳೆಣಿಕೆಯ ಭಿಸ್ತಿಗಳು ತೀರ ಈಚಿನವರೆಗೂ ಮನೆಮನೆಗೆ ನೀರು ಮುಟ್ಟಿಸುತ್ತಿದ್ದರು. ಆ ಹೆಸರಿನ ಮೂಲದಲ್ಲಿ ಪರ್ಷಿಯನ್ನಿನ ಸ್ವರ್ಗವಿದೆ. ಬಾಯಾರಿದವನಿಗೆ ನೀರು ತಂದವನು ಸ್ವರ್ಗದಿಂದ ಬಂದಂತೆಯೇ ಸರಿ.

ವೈಶಾಖದಲ್ಲಿ ಬಂಗಾಳಿಗಳು ತುಳಸಿಗಿಡದ ಮೇಲೆ ತೂತು ಮಾಡಿದ ಗಡಿಗೆ ಕಟ್ಟಿ ತಿಂಗಳಿಡೀ ಹನಿಹನಿ ನೀರು ಬೀಳಿಸುತ್ತಾರೆ. ಮನೆಗೆ ಬಂದವರಿಗೆ ಬರಿ ನೀರು ಕೊಡಬಾರದೆಂದು ಜೊತೆಗೆ ಬತಾಸು ಇಡುತ್ತಾರೆ. ನಮ್ಮಲ್ಲಿ ಬೆಲ್ಲ ನೀರು ಕೊಟ್ಟ ಹಾಗೆ. ರಸ್ತೆ ಬದಿಯಲ್ಲಿ ‘ಜಲಸತ್ರ’ ಇಟ್ಟು, ನೆನೆಸಿದ ಕಡಲೆ, ಬತಾಸು, ನೀರು ಹಂಚುತ್ತಾರೆ. ಅದು ನಮ್ಮ ಅರವಟ್ಟಿಗೆಯೇ. ಹಳೆಗನ್ನಡದ ಶಾಸನಗಳು ಅರವಂಟಿಗೆ ಇಡಿಸಿದವರನ್ನು ದಾನಿಗಳೆಂದು ನೆನೆಯುತ್ತವೆ. ಹಾದಿಹೋಕರಿಗೆ ನೀರಿಡುವುದು ಕೆರೆ ಕಟ್ಟಿಸಿದಂಥದೇ ಪುಣ್ಯದ ಕೆಲಸ ಎಂಬ ನಂಬಿಕೆ ಅಷ್ಟು ಹಳೆಯದು.

ಆದರೆ ಹಳೆಯದನ್ನು ಹೊಗಳುವ ಮೊದಲು ಒಂದು ಮಾತು ಹೇಳದಿದ್ದರೆ ಅಪ್ರಾಮಾಣಿಕನಾಗುತ್ತೇನೆ. ನಮ್ಮ ಪಡಸಾಲೆಯ ಹರವಿಯ ನೀರು ಎಲ್ಲರಿಗೂ ಒಂದೇ ರೀತಿ ಸಿಗುತ್ತಿರಲಿಲ್ಲ. ಕೆಲವರು ಒಳಗೆ ಬಂದು ತಂಬಿಗೆ ಅದ್ದಿ ಕುಡಿಯುತ್ತಿದ್ದರು. ಕೆಲವರು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಬೊಗಸೆ ಒಡ್ಡುತ್ತಿದ್ದರು, ಅಜ್ಜಿ ಮೇಲಿನಿಂದ ಸುರಿಯುತ್ತಿದ್ದಳು. ಪ್ರೀತಿಯಿಂದಲೇ ಸುರಿಯುತ್ತಿದ್ದಳು, ಆದರೆ ತಂಬಿಗೆ ಮಾತ್ರ ಕೈಗೆ ಕೊಡುತ್ತಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಲಾಬಿಯ ಕೂಲರಿನ ಚೀಟಿ ಓದಿದಾಗ ನನ್ನನ್ನು ಚುಚ್ಚಿದ್ದು ಈ ನೆನಪು. ತಂಬಿಗೆಯ ಜಾಗದಲ್ಲಿ ಈಗ ಕೂಲರ್ ಬಂದಿದೆ. ಒಳಗಿನವರು ಮತ್ತು ಹೊರಗಿನವರು ಎಂಬ ಗೆರೆ ಅಲ್ಲೇ ಇದೆ.

ಹಾಗಾಗಿ ನನ್ನ ವಾದ ‘ಫ್ರಿಜ್ ಬಿಡಿ, ಮಡಕೆಗೆ ಮರಳಿ’ ಎಂಬುದಲ್ಲ. ನನ್ನ ಮನೆಯಲ್ಲೂ ಫ್ರಿಜ್ ಇದೆ, ಇರಲಿ. ಆದರೆ ಮನೆಗೊಂದು ಫ್ರಿಜ್ ಬಂದ ಮೇಲೆ ಬೀದಿಯ ದಾಹ ನಮ್ಮ ಕಣ್ಣಿಂದ ಮರೆಯಾಯಿತು. ನೀರು ಬಾಟಲಿಗಿಳಿದು ಬೆಲೆ ಹೊತ್ತುಕೊಂಡಿತು. ಹಗಲಿಡೀ ಬಿಸಿಲಲ್ಲಿ ಓಡಾಡುವ ಡೆಲಿವರಿ ಹುಡುಗರು, ರಿಕ್ಷಾದವರು, ಕಸ ಒಯ್ಯುವವರು ಪ್ರತಿ ಬಾಯಾರಿಕೆಗೂ ದುಡ್ಡು ಕೊಡಬೇಕೇ?

ನಮ್ಮ ಸಂಘದ ಸಭೆಯಲ್ಲಿ ಈ ಮಾತೆತ್ತಿದೆ. ಗೇಟಿನಲ್ಲಿ ಜನ ಸೇರುತ್ತಾರೆ, ಸೊಳ್ಳೆ ಬರುತ್ತದೆ, ಯಾರಿಗಾದರೂ ಹೊಟ್ಟೆ ಕೆಟ್ಟರೆ ಯಾರು ಹೊಣೆ ಎಂದರು. ಸೊಳ್ಳೆ ಮತ್ತು ಹೊಟ್ಟೆಯ ಮಾತು ನ್ಯಾಯವಾದದ್ದೇ. ಮೊದಲಿನದಕ್ಕೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ನೀರಿಟ್ಟರೆ ಜನ ಸೇರುವುದು ಸಹಜ, ಸೇರಲಿ ಎಂದೇ ಇಡುವುದು. ಎರಡು ಸಭೆಗಳ ನಂತರ ಗೇಟಿನ ಹೊರಗೆ, ಕೃಷ್ಣಚೂಡ ಮರದ ಕೆಳಗೆ, ನಲ್ಲಿ ಇರುವ ಮಣ್ಣಿನ ಮಡಕೆ ಇಡಲು ಒಪ್ಪಿದರು. ನಮ್ಮಲ್ಲಿ ಗುಲ್‌ಮೊಹರ್ ಎನ್ನುವ ಕೆಂಪು ಹೂವಿನ ಮರ ಅದು. ಫಿಲ್ಟರ್ ನೀರು ತುಂಬಬೇಕು, ಮುಚ್ಚಳ ಬಿಗಿಯಾಗಿರಬೇಕು, ಎರಡು ದಿನಕ್ಕೊಮ್ಮೆ ಒಳಗೆ ಉಜ್ಜಿ ತೊಳೆಯಬೇಕು. ನಲ್ಲಿ ಇರುವುದರಿಂದ ಯಾರೂ ಯಾರಿಗೂ ಮೇಲಿನಿಂದ ಸುರಿಯಬೇಕಾಗಿಲ್ಲ.

ಜೂನ್ ತಿಂಗಳ ಅಂಟು ಸೆಕೆಯಲ್ಲಿ ಆ ನೀರು ತಣ್ಣಗೇನೂ ಇರುವುದಿಲ್ಲ, ಬಿಸಿ ಇರುವುದಿಲ್ಲ ಅಷ್ಟೆ. ಇದುವರೆಗೆ ಯಾರೂ ದೂರಿಲ್ಲ. ದಿನಕ್ಕೆ ಎರಡು ಸಲ ತುಂಬಿದರೂ ಸಂಜೆಗೆ ತಳ ಕಾಣುತ್ತದೆ.

ಇದನ್ನು ಕಲಬುರಗಿಯಲ್ಲೋ ರಾಯಚೂರಿನಲ್ಲೋ ಓದುತ್ತಿದ್ದರೆ ನಿಮ್ಮ ಗಾಳಿ ನನ್ನದಕ್ಕಿಂತ ಉದಾರಿ, ನಿಮ್ಮ ಮಡಕೆಯ ನೀರು ನಿಜವಾಗಿ ತಣ್ಣಗಿರುತ್ತದೆ. ಬೇಸಿಗೆಗೆ ಮುಂಚೆ ಒಂದು ಮಡಕೆ ಕೊಳ್ಳಿ. ಗೇಟಿನ ಒಳಗಲ್ಲ, ಹೊರಗೆ ಇಡಿ. ಕಳೆದ ವಾರ ನಮ್ಮ ಕಾವಲುಗಾರ ಮಡಕೆಯ ಪಕ್ಕ ಒಂದು ಡಬ್ಬಿ ಇಟ್ಟಿದ್ದ. ತೆರೆದು ನೋಡಿದರೆ ಬತಾಸು. ಬರಿ ನೀರು ಕೊಡಬಾರದಂತೆ.