ಮೂರು ಸಲ ಹೇಳಿದರೂ ಇಳಿದ ವಿಮಾನ

ಬಸ್ಸಿನಲ್ಲಿ ಕಂಡಕ್ಟರ್ ಒಂದು ವಿಸಿಲ್ ಹೊಡೆದರೆ ಡ್ರೈವರ್ ಎಷ್ಟೇ ಸೀನಿಯರ್ ಆಗಿರಲಿ, ಬ್ರೇಕ್ ಹಾಕುತ್ತಾರೆ. ಯಾಕೆ ಅಂತ ಆಮೇಲೆ ಕೇಳುತ್ತಾರೆ. ವಿಮಾನದ ಕಾಕ್‌ಪಿಟ್‌ನಲ್ಲಿ ಇಷ್ಟು ಸರಳ ಪದ್ಧತಿ ನಡೆಯದೆ ನಮ್ಮ ಕರಾವಳಿಯಲ್ಲಿ 158 ಜನ ಸತ್ತರು.

2010ರ ಮೇ 22, ಬೆಳಗ್ಗೆ ಆರು ಗಂಟೆ ದಾಟಿತ್ತಷ್ಟೇ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ ಬದುಕಿದ್ದು ಎಂಟೇ ಮಂದಿ. ತನಿಖೆ ಮುಗಿದ ಮೇಲೆ ಜನರ ನೆನಪಲ್ಲಿ ಉಳಿದದ್ದು ಎರಡೇ ಪದ: ಪೈಲಟ್ ತಪ್ಪು. ಸುಳ್ಳಲ್ಲ. ಆದರೆ ನಾವು ಸುದ್ದಿ ಬರೆಯುವವರು ಅಷ್ಟಕ್ಕೇ ನಿಲ್ಲಿಸಿದ್ದು ಸರಿಯಲ್ಲ.

ವಿಮಾನ ಇಳಿಯುವುದು ಹೇಗೆ ಅಂತ ನೋಡಿ. ರನ್‌ವೇ ಪಕ್ಕದ ಯಂತ್ರದಿಂದ ರೇಡಿಯೊ ಕಿರಣವೊಂದು ಮೂರು ಡಿಗ್ರಿ ಕೋನದಲ್ಲಿ ಆಕಾಶಕ್ಕೆ ಚಾಚಿರುತ್ತದೆ. ಕಣ್ಣಿಗೆ ಕಾಣದ ಇಳಿಜಾರು ರಸ್ತೆ ಅಂದುಕೊಳ್ಳಿ. ಒಂದು ಕಿಲೋಮೀಟರ್ ಮುಂದೆ ಬರುವಷ್ಟರಲ್ಲಿ ಸುಮಾರು 50 ಮೀಟರ್ ಕೆಳಗಿಳಿಯಬೇಕು. ಆ ದಾರಿಗಿಂತ ಮೇಲಿದ್ದರೆ ಚಕ್ರ ನೆಲ ಮುಟ್ಟುವ ಮೊದಲೇ ರನ್‌ವೇ ಕರಗುತ್ತಾ ಹೋಗುತ್ತದೆ. ಗುಡ್ಡ ಕಡಿದು ಮಾಡಿದ ಬಜ್ಪೆಯಂಥ ಜಾಗದಲ್ಲಿ ಆಚೆಗೆ ಗದ್ದೆ ಇಲ್ಲ, ಪ್ರಪಾತ.

ಅವತ್ತು ವಿಮಾನ ಇರಬೇಕಾದ ಎತ್ತರಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಮೇಲಿತ್ತು. ಮಂಗಳೂರಿನ ರೇಡಾರ್ ಕೆಟ್ಟಿದ್ದರಿಂದ ಇಳಿಯಲು ಅನುಮತಿ ಸಿಕ್ಕಿದ್ದೇ ತಡ. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು, ಮಂಪರು ಬಿಟ್ಟಿರಲಿಲ್ಲ ಎನ್ನುತ್ತದೆ ತನಿಖಾ ವರದಿ. ಪಕ್ಕದಲ್ಲಿದ್ದ ಸಹ ಪೈಲಟ್ ಮೂರು ಸಲ ‘ಗೋ ಅರೌಂಡ್’ ಅಂದರು. ಅಂದರೆ ಇಳಿಯುವುದು ಬೇಡ, ಮತ್ತೆ ಮೇಲೇರಿ ಸುತ್ತಿ ಬರೋಣ ಅಂತ. ಯಂತ್ರವೂ ಎಚ್ಚರಿಕೆ ಕೂಗುತ್ತಲೇ ಇತ್ತು. ರನ್‌ವೇ ಅಂಚನ್ನು 50 ಅಡಿ ಎತ್ತರದಲ್ಲಿ ದಾಟಬೇಕಾದ ವಿಮಾನ ಸುಮಾರು 200 ಅಡಿಯಲ್ಲಿ ದಾಟಿತು. 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ನೆಲ ಮುಟ್ಟಿತು. ಬ್ರೇಕ್ ಹಾಕಿದ ಮೇಲೆ ಕ್ಯಾಪ್ಟನ್ ಮತ್ತೆ ಮೇಲೇರಲು ನೋಡಿದರು. ಜಾಗ ಎಲ್ಲಿತ್ತು?

ಸಹ ಪೈಲಟ್ ಕಂಟ್ರೋಲ್ ಯಾಕೆ ಕಿತ್ತುಕೊಳ್ಳಲಿಲ್ಲ? ಅವರಿಗೆ ಆ ಅಧಿಕಾರ ಇದೆಯೋ ಇಲ್ಲವೋ ಎಂಬ ಬಗ್ಗೆ ನಿಯಮಗಳೇ ಗೊಂದಲವಾಗಿದ್ದವು ಅಂತ ವರದಿಯೇ ಹೇಳಿದೆ. ನಮಗೆ ಇಡೀ ವರದಿಯಲ್ಲಿ ಮುಖ್ಯವಾಗಿ ಕಂಡಿದ್ದು ಇದೇ.

ಹತ್ತು ವರ್ಷ ಕಳೆಯಿತು. 2020ರ ಆಗಸ್ಟ್ 7, ಕೋಯಿಕ್ಕೋಡ್. ಅದೇ ಸಂಸ್ಥೆ, ಅದೇ ದುಬೈನಿಂದ, ಇಂಥದ್ದೇ ಗುಡ್ಡದ ಮೇಲಿನ ರನ್‌ವೇ, ಮೇಲಿಂದ ಮಳೆ. ಅಲ್ಲೂ ಸಹ ಪೈಲಟ್ ‘ಗೋ ಅರೌಂಡ್’ ಅಂದರು, ಕ್ಯಾಪ್ಟನ್ ಇಳಿಸಿದರು. 21 ಜನ ಸತ್ತರು, ಇಬ್ಬರು ಪೈಲಟ್‌ಗಳೂ ಸೇರಿ. ಸಹ ಪೈಲಟ್ ಕಂಟ್ರೋಲ್ ತೆಗೆದುಕೊಳ್ಳದೇ ಹೋದದ್ದನ್ನು ಆ ವರದಿಯೂ ಬರೆದಿದೆ.

ಹೋದವರ ಮೇಲೆ ತಪ್ಪು ಹೊರಿಸುವುದು ಸುಲಭ, ಅವರು ಉತ್ತರ ಕೊಡಲ್ಲ. ಮೂವತ್ತು ವರ್ಷ ಅನುಭವದ ಹಿರಿಯರ ಕೈಯಿಂದ ಹುಡುಗನೊಬ್ಬ ಕಂಟ್ರೋಲ್ ತೆಗೆದುಕೊಳ್ಳುವುದು ಕಾಗದದ ನಿಯಮದಿಂದ ಬರುವ ಧೈರ್ಯವಲ್ಲ. ನಮ್ಮ ಮನೆಗಳಲ್ಲೇ ಅಪ್ಪನ ಕೈಯಿಂದ ಸ್ಟೀರಿಂಗ್ ಕಿತ್ತುಕೊಂಡವರು ಎಷ್ಟು ಜನ? ಅದನ್ನು ತರಬೇತಿಯಲ್ಲಿ ಮತ್ತೆ ಮತ್ತೆ ಮಾಡಿಸಬೇಕು. ಹಾಗೆ ಮಾಡಿದವನ ಹಿಂದೆ ಕಂಪನಿ ನಿಲ್ಲಬೇಕು, ಮೇಲೇರಿದ್ದಕ್ಕೆ ಡೀಸೆಲ್ ಲೆಕ್ಕ ಕೇಳಿದ ಹಾಗೆ ಇಂಧನದ ಲೆಕ್ಕ ಕೇಳಬಾರದು.

ನಮ್ಮ ಪಾಲಿನದೂ ಸ್ವಲ್ಪ ಇದೆ. ಇನ್ನೇನು ಇಳಿಯಿತು ಅನ್ನುವಾಗ ವಿಮಾನ ಮತ್ತೆ ಮೇಲೆದ್ದರೆ ನಾವು ವಿಡಿಯೊ ಮಾಡಿ ‘ಕೂದಲೆಳೆಯಲ್ಲಿ ಪಾರು’ ಅಂತ ಗ್ರೂಪಿಗೆ ಹಾಕುತ್ತೇವೆ, ಸಿಬ್ಬಂದಿಗೆ ಬೈಯುತ್ತೇವೆ. ಗಲ್ಫ್‌ನಿಂದ ಬರುವ ನಿಮ್ಮ ಅಣ್ಣನಿಗೋ ಭಾವನಿಗೋ ಇದನ್ನು ಹೇಳಿಡಿ. ಸುತ್ತಿ ಬರಲು ಹತ್ತು ಹದಿನೈದು ನಿಮಿಷ ಹಿಡಿದೀತು, ಹೊರಗೆ ಜೀಪು ಕಾಯುತ್ತಿರಲಿ.