ಟ್ಯೂನಿಗೆ ಬರೆದರೆ ಕವಿತೆಯಲ್ಲವೇ?

ಸಿನಿಮಾ ಹಾಡನ್ನು ಕವಿತೆ ಎಂದರೆ ಸಾಕು, ನಮ್ಮ ಸಾಹಿತ್ಯಗೋಷ್ಠಿಗಳಲ್ಲಿ ಕೆಲವರ ಹುಬ್ಬು ಮೇಲೇರುತ್ತದೆ. ‘ಅದು ಟ್ಯೂನಿಗೆ ತುಂಬಿದ ಪದ’ ಎಂಬ ಉತ್ತರ ತಯಾರಿರುತ್ತದೆ. ದೇವದುರ್ಗದಲ್ಲಿ ಕುಳಿತು ಈ ಮಾತು ಕೇಳಿದರೆ ನಗು ಬರುತ್ತದೆ. ಗೋಪಾಲದಾಸರು ಇದೇ ತಾಲ್ಲೂಕಿನ ಮೊಸರಕಲ್ಲಿನವರು. ವಿಜಯದಾಸರು, ಜಗನ್ನಾಥದಾಸರು ಪಕ್ಕದ ಮಾನ್ವಿ ಸೀಮೆಯವರು. ಅವರ ಕೀರ್ತನೆಗಳು ಹುಟ್ಟಿದ್ದೇ ಹಾಡಲಿಕ್ಕೆ. ತಾಳ ತಟ್ಟಿ ಹಾಡಿದ ಆ ಪದಗಳು ಪಠ್ಯಪುಸ್ತಕ ಸೇರಿದವು, ಪಿಎಚ್.ಡಿ.ಗೆ ವಿಷಯವಾದವು. ಚಿ. ಉದಯಶಂಕರ್ ಮಾತ್ರ ಬಾಗಿಲ ಹೊರಗೆ!

‘ಗಂಧದ ಗುಡಿ’ (1973), ‘ಎರಡು ಕನಸು’ (1974), 1976ರ ‘ನಾ ನಿನ್ನ ಮರೆಯಲಾರೆ’ ಮತ್ತು ‘ಬಯಲು ದಾರಿ’ – ಇವೆಲ್ಲ ಉದಯಶಂಕರ್ ಮತ್ತು ಮೈಸೂರಿನ ಸೋದರರಾದ ರಾಜನ್–ನಾಗೇಂದ್ರ ಕೂಡಿ ಕಟ್ಟಿದವು. ಸಿನಿಮಾದಲ್ಲಿ ಎಷ್ಟೋ ಸಲ ರಾಗ ಮೊದಲು, ಮಾತು ಆಮೇಲೆ. ಅದು ಸುಲಭ ಎನ್ನುವವರು ಒಮ್ಮೆ ಕೂತು ಬರೆದು ನೋಡಲಿ. ಕನ್ನಡದಲ್ಲಿ ಹ್ರಸ್ವ ಎಳೆದರೆ ಅರ್ಥವೇ ಕೆಡುತ್ತದೆ. ರಾಗ ಎಳೆಯುವ ಕಡೆ ‘ಬಳೆ’ ಇಟ್ಟರೆ ಕೇಳುವವನಿಗೆ ‘ಬಾಳೆ’! ಸ್ವರ ನಿಲ್ಲುವ ಕಡೆ ದೀರ್ಘ ಬೇಕು, ಓಡುವ ಕಡೆ ಹ್ರಸ್ವ ಬೇಕು, ಕಥೆಯ ಸಂದರ್ಭ ತಪ್ಪಬಾರದು, ಹಳ್ಳಿಯ ಟೆಂಟಿನಲ್ಲಿ ಕೂತವನಿಗೂ ತಿಳಿಯಬೇಕು. ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರ ಮುಂದೆಯೂ ಭಾಮಿನಿಯ ಕಟ್ಟಳೆ ಇತ್ತು: ಮೊದಲ ಸಾಲಿಗೆ 14 ಮಾತ್ರೆ, ಮೂರನೆಯದಕ್ಕೆ 23. ಆ ಕಟ್ಟು ಛಂದಸ್ಸು, ಈ ಕಟ್ಟು ಮಾತ್ರ ಕೂಲಿಕೆಲಸವೇ?

ಉದಯಶಂಕರ್ ಬರೆದದ್ದೆಲ್ಲ ಚಿನ್ನ ಎನ್ನುತ್ತಿಲ್ಲ. ಅಷ್ಟು ಬರೆದವರಲ್ಲಿ ಜೊಳ್ಳೂ ಇದೆ, ಪ್ರಾಸಕ್ಕಾಗಿ ತುರುಕಿದ ಪದವೂ ಇದೆ. ಆರಿಸಿ ಓದುವುದೇ ವಿಮರ್ಶೆಯ ಕೆಲಸ. ಓದದೆಯೇ ತಳ್ಳಿಹಾಕುವುದು ಸೋಮಾರಿತನ.

ಇನ್ನೊಂದು ತಕರಾರು ನಮ್ಮಂಥ ಕೇಳುಗರ ಮೇಲೆಯೇ. ಯಾವ ಹಾಡು ಕೇಳಿದರೂ ‘ರಾಜ್‌ಕುಮಾರ್ ಹಾಡು’, ‘ಎಸ್ಪಿಬಿ ಹಾಡು’ ಎನ್ನುತ್ತೇವೆ. ಆಕಾಶವಾಣಿಯಲ್ಲಿ ಹಾಡಿಗೆ ಮೊದಲು ಬರೆದವರ, ರಾಗ ಕೂಡಿಸಿದವರ ಹೆಸರು ಹೇಳುತ್ತಿದ್ದರು; ಅದನ್ನು ಕೇಳಿಯೇ ನಾವು ಆ ಹೆಸರುಗಳನ್ನು ಕಲಿತದ್ದು. ಈಗ ಮೊಬೈಲಿನ ಪರದೆಯಲ್ಲಿ ನಾಯಕನ ಮುಖ ಇರುತ್ತದೆ, ಕವಿಯ ಹೆಸರು ಹುಡುಕಬೇಕು. 1993ರಲ್ಲಿ ಉದಯಶಂಕರ್ ಹೋದರು, 2000ದಲ್ಲಿ ನಾಗೇಂದ್ರ, 2020ರಲ್ಲಿ ರಾಜನ್. ಮುಂದಿನ ವರ್ಷದ ಬಿ.ಎ. ಪಠ್ಯ ಜೋಡಿಸಲು ಕೂರುವವರು ದಾಸರ ಕೀರ್ತನೆಯ ಪಕ್ಕದಲ್ಲಿ ‘ಎರಡು ಕನಸು’ವಿನ ಒಂದು ಹಾಡು ಇಡಲಿ. ಅಡಿಯಲ್ಲಿ ಮೂವರ ಹೆಸರೂ ಇರಲಿ.