ಶಿಶ್ನದ ಹುಣ್ಣನ್ನು ಮುಚ್ಚಿಡಬೇಡಿ, ಮೊದಲ ಹಂತದಲ್ಲೇ ವೈದ್ಯರಿಗೆ ತೋರಿಸಿ



ಶಿಶ್ನದ ಕ್ಯಾನ್ಸರ್ ಬಂದ ಅನೇಕ ಗಂಡಸರು ಆಸ್ಪತ್ರೆಗೆ ತಡವಾಗಿ ಬರುತ್ತಾರೆ. ನೋವಿಲ್ಲದ ಗಂಟು, ಮಾಯದ ಹುಣ್ಣು, ಮುಂದೊಗಲಿನ ಅಡಿಯಿಂದ ಒಸರುವ ನಾತದ ಕೀವು, ಇವನ್ನೆಲ್ಲ ತಿಂಗಳುಗಟ್ಟಲೆ ಹೆಂಡತಿಗೂ ಹೇಳದೆ ಸಹಿಸುತ್ತಾರೆ. ಮಾಡಿದ ತಪ್ಪಿಗೆ ಸಿಕ್ಕ ಶಿಕ್ಷೆ ಎಂಬ ಅಂಜಿಕೆಯೇ ಬಾಯಿ ಕಟ್ಟುತ್ತದೆ. ಆದರೆ ಈ ರೋಗ ಹುಟ್ಟುವುದು ಜೀವಕೋಶದೊಳಗೆ, ಹಂತ ಹಂತವಾಗಿ. ಆ ಹಂತಗಳು ಕೊಡುವ ಕಾಲಾವಕಾಶವನ್ನು ನಾಚಿಕೆಗೆ ಬಲಿಕೊಡಬಾರದು ಎಂಬುದೇ ನಮ್ಮ ವಾದ.

ದೇಹದ ಕೋಶಗಳಲ್ಲೆಲ್ಲ ಹೆಚ್ಚುಕಡಿಮೆ ಅವೇ ಜೀನ್‌ಗಳಿದ್ದರೂ ಯಾವುದು ಎಷ್ಟು ಕೆಲಸ ಮಾಡುತ್ತದೆ ಎಂಬುದರ ಮೇಲೆ ಕೋಶದ ನಡವಳಿಕೆ ನಿಂತಿದೆ. ಈ ಹತೋಟಿಯಲ್ಲಿ ಮೈಕ್ರೋ ಆರ್‌ಎನ್‌ಎಗಳಿಗೆ ದೊಡ್ಡ ಪಾಲಿದೆ. ಈ ಕಿರು ಅಣುಗಳು ಜೀನ್ ಕಳಿಸಿದ ಸಂದೇಶಕ್ಕೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನು ತಗ್ಗಿಸುತ್ತವೆ. 1993ರಲ್ಲಿ ಒಂದು ಪುಟ್ಟ ಹುಳುವಿನಲ್ಲಿ ಇವನ್ನು ಗುರುತಿಸಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರ ನೊಬೆಲ್ ಸಂದಿತು. ಕ್ಯಾನ್ಸರ್‌ನಲ್ಲಿ ಈ ಹತೋಟಿಯೇ ತಪ್ಪುತ್ತದೆ. ಶಿಶ್ನದ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್), ಅದರಲ್ಲೂ ಅದರ 16ನೇ ಬಗೆ, ಸಿಗುತ್ತದೆ. ವೈರಸ್‌ನ ಇ6 ಪ್ರೋಟೀನು ಕೋಶದ ಕಾವಲಿಗಿರುವ ಪಿ53 ಪ್ರೋಟೀನನ್ನು ನಾಶಮಾಡುತ್ತದೆ. ಇ7 ಪ್ರೋಟೀನು ಕೋಶ ಒಡೆಯುವುದನ್ನು ತಡೆಹಿಡಿಯುವ ಆರ್‌ಬಿ ಪ್ರೋಟೀನಿನ ಕೈಕಟ್ಟುತ್ತದೆ. ಕೋಶ ಒಡೆದು ಬೆಳೆಯುವುದಕ್ಕೆ ಲಗಾಮಿಲ್ಲದಾಗುತ್ತದೆ. ಇಂಥ ಗೆಡ್ಡೆಗಳಲ್ಲಿ ಮಿರ್-146ಎ ಎಂಬ ಮೈಕ್ರೋ ಆರ್‌ಎನ್‌ಎ ಇಳಿದು, ಬೆಳವಣಿಗೆಗೆ ಒತ್ತುಕೊಡುವ ಇಜಿಎಫ್‌ಆರ್ ಎಂಬ ಪ್ರೋಟೀನು ಏರಿರುವುದನ್ನು ಸಂಶೋಧಕರು ಕಂಡಿದ್ದಾರೆ. ವೈರಸ್ ಇಲ್ಲದ ಗೆಡ್ಡೆಗಳ ಹಿಂದೆ ಹೆಚ್ಚಾಗಿ ಬಿಗಿ ಮುಂದೊಗಲು, ಬಹುಕಾಲದ ಉರಿಯೂತ, ತಂಬಾಕು ಇರುತ್ತವೆ. ಅಲ್ಲಿ ಪಿ53ರ ಜೀನೇ ಕೆಟ್ಟಿರುವುದು ಹೆಚ್ಚು.

ಜೀನ್ ಎಂದಮೇಲೆ ಅದು ಹಣೆಬರಹವಲ್ಲವೇ ಎಂದು ಕೆಲವರು ಕೇಳಬಹುದು. ಅಲ್ಲ. ಈ ಬದಲಾವಣೆಗಳು ಸಾಮಾನ್ಯವಾಗಿ ಹುಟ್ಟಿನಿಂದ ಬಂದವಲ್ಲ, ಬದುಕಿನ ನಡುವೆ ಆ ಜಾಗದ ಕೋಶಗಳಲ್ಲಿ ಆದವು. ಎಚ್‌ಪಿವಿ ತಗುಲಿದರೆ ನಡತೆ ಕೆಟ್ಟಿದೆ ಎನ್ನುವವರು ಒಂದು ಮಾತು ತಿಳಿಯಬೇಕು: ಲೈಂಗಿಕ ಜೀವನ ನಡೆಸುವ ಬಹುತೇಕರಿಗೆ ಈ ವೈರಸ್ ಎಂದಾದರೊಮ್ಮೆ ತಗುಲುತ್ತದೆ, ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ. ಅಪರೂಪದ ರೋಗಕ್ಕೆ ಇಷ್ಟೇಕೆ ಗದ್ದಲ ಎಂಬ ಆಕ್ಷೇಪವೂ ಇದೆ. ರೋಗ ಅಪರೂಪವೇ ನಿಜ. ಆದರೆ ಹೆಂಗಸರ ಗರ್ಭಕೊರಳಿನ ಕ್ಯಾನ್ಸರ್‌ಗೂ ಇದೇ ವೈರಸ್ ಕಾರಣ, ಒಂದೇ ಲಸಿಕೆ ಇಬ್ಬರನ್ನೂ ಕಾಯುತ್ತದೆ. ಮೈಕ್ರೋ ಆರ್‌ಎನ್‌ಎಯಿಂದ ರೋಗ ಪತ್ತೆಹಚ್ಚುವ ಪರೀಕ್ಷೆ ಬರಲಿ, ಆಮೇಲೆ ನೋಡೋಣ ಎಂದು ಕಾಯುವುದಂತೂ ಅಪಾಯ. ಅದಿನ್ನೂ ಪ್ರಯೋಗಾಲಯದಲ್ಲಿದೆ. ಇಂದು ರೋಗವನ್ನು ಖಚಿತಪಡಿಸುವುದು ಬಯಾಪ್ಸಿ, ಅಂದರೆ ಆ ಜಾಗದ ಚೂರು ತೆಗೆದು ಮಾಡುವ ಪರೀಕ್ಷೆ. ಮೇಲ್ಪದರದಲ್ಲೇ ಸಿಕ್ಕಿದ ರೋಗವನ್ನು ಅಂಗ ಉಳಿಸಿಕೊಂಡೇ ಗುಣಪಡಿಸಬಹುದು. ತೊಡೆಸಂದಿನ ಗ್ರಂಥಿಗಳಿಗೆ ಹಬ್ಬಿದರೆ ಬದುಕುವ ಸಾಧ್ಯತೆಯೇ ಕುಗ್ಗುತ್ತದೆ.

ಆದ್ದರಿಂದ ದಿನವೂ ಶುಚಿಯಾಗಿರಿ, ತಂಬಾಕು ಬಿಡಿ, ಗಂಡುಮಕ್ಕಳಿಗೂ ಎಚ್‌ಪಿವಿ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಕೆಲವೇ ವಾರಗಳಲ್ಲಿ ಮಾಯದ ಹುಣ್ಣನ್ನೋ ಗಂಟನ್ನೋ ಸಂಕೋಚಪಡದೆ ತೋರಿಸಿ. ಈ ಕರಪತ್ರವನ್ನು ಓದಿ, ಮನೆಯ ಗಂಡಸರ ಕೈಗೂ ಕೊಡಿ.